ಸಿಗದ ಕರೆಯನ್ನು ಎಣಿಸಿದ ಮೇಷ್ಟರು: ಆಗ್ನರ್ ಎರ್ಲಾಂಗ್

ಬೋಧನಾಭ್ಯಾಸದ ಎರಡನೇ ಹಂತದಲ್ಲಿ ನನಗೆ 10ನೇ ತರಗತಿಯ ಸಂಭವನೀಯತೆಯ ಘಟಕ ಬಂತು. ನಾಣ್ಯ, ದಾಳ, ಇಸ್ಪೀಟೆಲೆಗಳ ಲೆಕ್ಕವನ್ನು ಮಕ್ಕಳು ಚೆನ್ನಾಗಿಯೇ ಮಾಡುತ್ತಿದ್ದರು. ಮೂರನೇ ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ಜೂಜಾಡುವವರನ್ನು ಬಿಟ್ಟು ಬೇರೆ ಯಾರಿಗೆ ಈ ಲೆಕ್ಕ ಬೇಕು ಎಂದು ಕೇಳಿದ. ನನ್ನ ಪಾಠಯೋಜನೆಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಆ ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಒಂದೇ ವೈ-ಫೈ ರೂಟರ್ ಇತ್ತು. ಒಬ್ಬರೇ ಇದ್ದಾಗ ಓಡುತ್ತಿದ್ದ ಜಾಲ, ಇಡೀ ತರಗತಿ ಕುಳಿತಾಗ ತೆವಳುತ್ತಿತ್ತು. ಮಕ್ಕಳಿಗೆ ದಿನವೂ ಗೊತ್ತಿದ್ದ ಆ ತೊಂದರೆಯಿಂದಲೇ ಉತ್ತರ ಹುಡುಕಲು ಹೊರಟೆ. ಹುಡುಕುತ್ತಾ ಹೋದಂತೆ ಸಿಕ್ಕವರು ವೈ-ಫೈಯನ್ನು ಕಂಡೇ ಇರದ, 1929ರಲ್ಲಿ ತೀರಿಕೊಂಡ ಒಬ್ಬ ಗಣಿತದ ಮೇಷ್ಟರು. ಅವರ ಜೀವನವನ್ನು ಎರಡು ಅವಧಿಗಳಲ್ಲಿ ತರಗತಿಗೆ ಹೇಳಿದೆ. ಅದನ್ನೇ ಇಲ್ಲಿ ಬರೆದಿದ್ದೇನೆ. ಕೊನೆಯಲ್ಲಿ ನನ್ನದೇ ಒಂದು ತಪ್ಪನ್ನೂ ಹೇಳಬೇಕಾಗಿದೆ.

ಹಳ್ಳಿಯ ಶಾಲೆಯ ಮನೆ

ಆಗ್ನರ್ ಕ್ರಾರುಪ್ ಎರ್ಲಾಂಗ್ ಹುಟ್ಟಿದ್ದು 1878ರ ಜನವರಿ 1ರಂದು, ಡೆನ್ಮಾರ್ಕಿನ ಜಟ್‌ಲ್ಯಾಂಡ್ ಪ್ರಾಂತ್ಯದ ಲೋನ್‌ಬೋರ್ಗ್ ಎಂಬ ಹಳ್ಳಿಯಲ್ಲಿ. ತಂದೆ ಹಾನ್ಸ್ ನೀಲ್ಸೆನ್ ಎರ್ಲಾಂಗ್ ಊರಿನ ಶಾಲೆಯ ಮೇಷ್ಟರು. ಚರ್ಚಿನ ಗುಮಾಸ್ತಿಕೆಯೂ ಅವರದೇ. ತಾಯಿ ಮ್ಯಾಗ್ಡಲೀನ್ ಕ್ರಾರುಪ್ ಪಾದ್ರಿಗಳೂ ವಿದ್ವಾಂಸರೂ ಇದ್ದ ಮನೆತನದವರು. ಆಗ್ನರ್‌ಗೆ ಒಬ್ಬ ಅಣ್ಣ, ಇಬ್ಬರು ತಂಗಿಯರು.

ಬಾಲ್ಯದ ಒಂದು ಸಂಗತಿ ನನ್ನ ತರಗತಿಗೆ ಬಹಳ ಹಿಡಿಸಿತು. ಸಂಜೆ ಮೇಜಿನ ಒಂದು ಕಡೆ ಅಣ್ಣ ಫ್ರೆಡೆರಿಕ್ ಪುಸ್ತಕ ಬಿಡಿಸಿಕೊಂಡು ಓದುತ್ತಿದ್ದರೆ, ಎದುರು ಕುಳಿತ ಆಗ್ನರ್ ಅದೇ ಪುಸ್ತಕವನ್ನು ತಲೆಕೆಳಗಾಗಿ ಓದುತ್ತಿದ್ದ. ಒಂದು ಪುಸ್ತಕ, ಇಬ್ಬರು ಓದುಗರು, ಸರದಿಗೆ ಕಾಯುವ ಅಗತ್ಯವಿಲ್ಲ. ಮುಂದೆ ಅವರು ಜೀವಮಾನವಿಡೀ ಬಿಡಿಸಿದ ಸಮಸ್ಯೆಗೆ ಇದು ಮುನ್ಸೂಚನೆ ಎಂದು ನಾನು ಹೇಳಲಾರೆ. ಆದರೆ ಇರುವುದು ಒಂದು, ಬೇಕಾದವರು ಹಲವರು ಎಂಬ ವಿಚಾರವನ್ನು ಮಕ್ಕಳ ಮನಸ್ಸಿಗೆ ತರಲು ಈ ಚಿತ್ರ ಸಾಕಾಯಿತು. ಆ ಹುಡುಗನಿಗೆ ಆಕಾಶದ ಹುಚ್ಚೂ ಇತ್ತು. ಗ್ರಹ ನಕ್ಷತ್ರಗಳ ಮೇಲೆ ಪದ್ಯ ಬರೆಯುತ್ತಿದ್ದ.

14ನೇ ವಯಸ್ಸಿನಲ್ಲಿ ಆಗ್ನರ್ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಪ್ರಾರಂಭಿಕ ಪರೀಕ್ಷೆಗೆ ಕುಳಿತ. ವಯಸ್ಸು ಸಾಲದಿದ್ದುದರಿಂದ ವಿಶೇಷ ಅನುಮತಿ ಪಡೆಯಬೇಕಾಯಿತು. ಉನ್ನತ ದರ್ಜೆಯಲ್ಲಿ ಪಾಸಾಗಿ ಊರಿಗೆ ಮರಳಿ, ಎರಡು ವರ್ಷ ತಂದೆಯ ಶಾಲೆಯಲ್ಲೇ ಸಹಾಯಕನಾಗಿ ಮಕ್ಕಳಿಗೆ ಪಾಠ ಹೇಳಿದ. ಅಷ್ಟರಲ್ಲೇ ಫ್ರೆಂಚ್, ಲ್ಯಾಟಿನ್ ಕಲಿತ. ನಮ್ಮ ಹಾಗೆ ಬೋಧನಾಭ್ಯಾಸ ಮಾಡಿದ್ದು 14ನೇ ವಯಸ್ಸಿನಲ್ಲಿ, ಅದೂ ತಂದೆಯ ಕಣ್ಣೆದುರು.

ಮುಂದೆ ಹಿಲ್ಲೆರೋಡ್ ಎಂಬ ಊರಿನ ಶಾಲೆಯಲ್ಲಿ ಓದಿ 1896ರಲ್ಲಿ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ ಮುಗಿಸಿದರು. ಮನೆಯಲ್ಲಿ ಹಣವಿರಲಿಲ್ಲ. ವಿದ್ಯಾರ್ಥಿವೇತನ ಸಿಕ್ಕಿದ್ದರಿಂದ ಕೋಪನ್‌ಹೇಗನ್‌ನಲ್ಲಿ ಓದು ಸಾಧ್ಯವಾಯಿತು. 1901ರಲ್ಲಿ ಗಣಿತವನ್ನು ಮುಖ್ಯ ವಿಷಯವಾಗಿ, ಖಗೋಳ, ಭೌತ ಮತ್ತು ರಸಾಯನ ಶಾಸ್ತ್ರಗಳನ್ನು ಜೊತೆ ವಿಷಯಗಳಾಗಿ ತೆಗೆದುಕೊಂಡು ಸ್ನಾತಕೋತ್ತರ ಪದವಿ ಪಡೆದರು.

ಏಳು ವರ್ಷದ ಮೇಷ್ಟರಗಿರಿ

ಪದವಿಯ ನಂತರ ಎರ್ಲಾಂಗ್ ಸುಮಾರು ಏಳು ವರ್ಷ ಬೇರೆ ಬೇರೆ ಶಾಲೆಗಳಲ್ಲಿ ಪಾಠ ಮಾಡಿದರು. ಮಾತು ಕಡಿಮೆ. ಆಡಿದರೆ ಅಳೆದು ತೂಗಿದಂತೆ. ಗುಂಪಿನಲ್ಲಿ ಬೆರೆಯುವುದಕ್ಕಿಂತ ದೂರ ನಿಂತು ನೋಡುವ ಸ್ವಭಾವ. ಆದರೂ ಒಳ್ಳೆಯ ಶಿಕ್ಷಕರೆಂಬ ಹೆಸರಿತ್ತು. ಪಾಠದ ಜೊತೆಗೆ ಓದನ್ನೂ ಬಿಡಲಿಲ್ಲ. ವಿಶ್ವವಿದ್ಯಾಲಯದ ಬಹುಮಾನ ಸ್ಪರ್ಧೆಗೆ ಹ್ಯೂಗೆನ್ಸ್‌ನ ಗಣಿತದ ಮೇಲೆ ಬರೆದ ಪ್ರಬಂಧಕ್ಕೆ 1904ರಲ್ಲಿ ಮನ್ನಣೆ ದೊರೆಯಿತು. ಗಣಿತ ಸಂಘದ ಸಭೆಗಳಿಗೆ ತಪ್ಪದೆ ಹೋಗುತ್ತಿದ್ದರು.

ಅವರ ಬದುಕು ತಿರುಗಿದ್ದು ಆ ಸಂಘದಲ್ಲೇ. ಅಲ್ಲಿ ಯೋಹಾನ್ ಜೆನ್ಸನ್ ಎಂಬ ಸದಸ್ಯರಿದ್ದರು. ಗಣಿತದವರಿಗೆ ಜೆನ್ಸನ್ ಅಸಮತೆಯ ಮೂಲಕ ಪರಿಚಿತರಾದ ಅವರೇ. ಹೊಟ್ಟೆಪಾಡಿಗೆ ಅವರು ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯ ಮುಖ್ಯ ಎಂಜಿನಿಯರ್ ಆಗಿದ್ದರು. ಈ ಮಿತಭಾಷಿ ಮೇಷ್ಟರನ್ನು ಅವರು ಕಂಪನಿಯ ನಿರ್ದೇಶಕ ಫ್ರಿಟ್ಸ್ ಯೋಹಾನ್ಸೆನ್ ಅವರಿಗೆ ಪರಿಚಯಿಸಿದರು. 1908ರಲ್ಲಿ ಎರ್ಲಾಂಗ್ ಶಾಲೆ ಬಿಟ್ಟು ಕಂಪನಿ ಸೇರಿದರು. ಸ್ವಲ್ಪ ಸಮಯದಲ್ಲೇ ಅದರ ಪ್ರಯೋಗಾಲಯದ ಮುಖ್ಯಸ್ಥರಾದರು.

ಪ್ರಯೋಗಾಲಯ ಎಂದರೆ ದೊಡ್ಡದೇನಲ್ಲ. ಆರಂಭದಲ್ಲಿ ಸಹಾಯಕರೂ ಇರಲಿಲ್ಲ. ಕೇಬಲ್‌ಗಳಲ್ಲಿ ಸೋರುವ ವಿದ್ಯುತ್ತನ್ನು ಅಳೆಯಲು ಅವರೇ ಬೀದಿಗಿಳಿಯುತ್ತಿದ್ದರು. ಏಣಿ ಹೊತ್ತ ಒಬ್ಬ ಕೆಲಸಗಾರ ಹಿಂದೆ, ಗಣಿತಜ್ಞ ಮುಂದೆ. ನೆಲದಡಿಯ ಗುಂಡಿಗಳಿಗೆ ಇಳಿದು ಅಳತೆ ತೆಗೆಯುವುದನ್ನು ಊರಿನ ಜನ ನೋಡುತ್ತಿದ್ದರು.

ಸಿಗದ ಕರೆಯ ಲೆಕ್ಕ

ಆ ಕಾಲದ ಟೆಲಿಫೋನನ್ನು ಇಂದಿನ ಮಕ್ಕಳಿಗೆ ವಿವರಿಸಬೇಕು. ನೀವು ರಿಸೀವರ್ ಎತ್ತಿದರೆ ವಿನಿಮಯ ಕೇಂದ್ರದಲ್ಲಿ ಕುಳಿತ ಆಪರೇಟರ್ ನಿಮ್ಮ ತಂತಿಯನ್ನು ಬೇಕಾದವರ ತಂತಿಗೆ ಜೋಡಿಸುತ್ತಿದ್ದರು. ಎರಡು ಕೇಂದ್ರಗಳ ನಡುವೆ ಇದ್ದ ತಂತಿಗಳು ಕೆಲವೇ. ಸಾವಿರ ಚಂದಾದಾರರಿದ್ದರೂ ಸಾವಿರ ತಂತಿ ಎಳೆಯುವಂತಿಲ್ಲ, ಖರ್ಚು ತಾಳದು. ಹತ್ತೇ ಎಳೆದರೆ ಹನ್ನೊಂದನೆಯವನು ಕರೆ ಮಾಡಿದಾಗ ತಂತಿ ಇಲ್ಲ. ಹಾಗಾದರೆ ಎಷ್ಟು ಎಳೆಯಬೇಕು?

ಎರ್ಲಾಂಗ್ 1909ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಮೊದಲ ಹೆಜ್ಜೆ ಇಟ್ಟರು. ಯಾರು ಯಾವಾಗ ಕರೆ ಮಾಡುತ್ತಾರೆ ಎಂದು ಯಾರೂ ಹೇಳಲಾರರು. ಆದರೆ ಒಬ್ಬರಿಗೊಬ್ಬರು ಸಂಬಂಧವಿಲ್ಲದ ಬಹಳ ಜನ ಸೇರಿದಾಗ, ಇಂತಿಷ್ಟು ನಿಮಿಷದಲ್ಲಿ ಇಂತಿಷ್ಟು ಕರೆ ಬರುವ ಸಂಭವನೀಯತೆ ಪಾಯ್ಸಾನ್ ವಿತರಣೆಯನ್ನು ಅನುಸರಿಸುತ್ತದೆ ಎಂದು ತೋರಿಸಿದರು. ಒಬ್ಬೊಬ್ಬರ ಲಹರಿ ಲೆಕ್ಕಕ್ಕೆ ಸಿಗದಿದ್ದರೂ ಗುಂಪಿನ ಲಹರಿ ಸಿಗುತ್ತದೆ.

1917ರ ಲೇಖನದಲ್ಲಿ ಅವರ ಹೆಸರು ಉಳಿಸಿದ ಸೂತ್ರ ಬಂತು. ಎಲ್ಲ ತಂತಿಗಳೂ ತುಂಬಿರುವಾಗ ಕರೆ ಮಾಡಿ ಬರಿಗೈಯಲ್ಲಿ ಹಿಂತಿರುಗುವವರ ಪಾಲು ಎಷ್ಟು ಎಂಬುದನ್ನು ಅದು ಕೊಡುತ್ತದೆ. ಈ ಲೆಕ್ಕವನ್ನು 10ನೇ ತರಗತಿಯ ಮಕ್ಕಳೇ ಮಾಡಬಲ್ಲರು ಎಂಬುದು ನನಗೂ ಆಶ್ಚರ್ಯ ತಂದಿತು. ಮೊದಲು ಹೊರೆ ಎಂದರೇನೆಂದು ಹೇಳಿ. ಒಂದು ಗಂಟೆಯಲ್ಲಿ ಸರಾಸರಿ 3 ನಿಮಿಷದ 20 ಕರೆ ಬಂದರೆ ಒಟ್ಟು 60 ನಿಮಿಷ, ಅಂದರೆ ಒಂದು ತಂತಿಯನ್ನು ಪೂರ್ತಿ ತುಂಬುವಷ್ಟು ಮಾತು. ಇದು 1 ಘಟಕ ಹೊರೆ. ಈಗ ಕಪ್ಪು ಹಲಗೆಯ ಮೇಲೆ 1 ಎಂದು ಬರೆಯಿರಿ. ಅದನ್ನು ಹೊರೆಯಿಂದ ಗುಣಿಸಿ 1ರಿಂದ ಭಾಗಿಸಿ ಮುಂದಿನ ಸಂಖ್ಯೆ ಬರೆಯಿರಿ. ಆ ಸಂಖ್ಯೆಯನ್ನು ಮತ್ತೆ ಹೊರೆಯಿಂದ ಗುಣಿಸಿ 2ರಿಂದ ಭಾಗಿಸಿ. ಹೀಗೆ ತಂತಿಗಳ ಸಂಖ್ಯೆ ಮುಗಿಯುವವರೆಗೆ ಮಾಡಿ. ಕೊನೆಯ ಸಂಖ್ಯೆಯನ್ನು ಎಲ್ಲ ಸಂಖ್ಯೆಗಳ ಮೊತ್ತದಿಂದ ಭಾಗಿಸಿದರೆ ಸಿಗದ ಕರೆಗಳ ಪಾಲು ಬರುತ್ತದೆ.

ಹೊರೆ 1, ತಂತಿ 2 ಇದ್ದರೆ ಸಂಖ್ಯೆಗಳು 1, 1, 0.5. ಮೊತ್ತ 2.5. ಉತ್ತರ 0.2. ನೂರಕ್ಕೆ 20 ಜನ ಬರಿಗೈ. ಈಗ ಇಂಥ ಎರಡು ಗುಂಪುಗಳನ್ನು ಒಂದುಗೂಡಿಸಿ. ಹೊರೆ 2, ತಂತಿ 4. ಸಂಖ್ಯೆಗಳು 1, 2, 2, ಮೂರರಲ್ಲಿ ನಾಲ್ಕು, ಮೂರರಲ್ಲಿ ಎರಡು. ಮೊತ್ತ 7. ಉತ್ತರ ಸುಮಾರು 0.095. ತಲಾ ಹೊರೆ ಅಷ್ಟೇ, ತಲಾ ತಂತಿ ಅಷ್ಟೇ, ಆದರೆ ಸಿಗದ ಕರೆ ಅರ್ಧಕ್ಕಿಂತ ಕಡಿಮೆ. ಹೊಸ ತಂತಿಗೆ ಒಂದು ಕಾಸೂ ಖರ್ಚಿಲ್ಲ. ಇದು ಹೇಗಾಯಿತು ಎಂಬ ಚರ್ಚೆಯಲ್ಲೇ ನನ್ನ ಒಂದು ಅವಧಿ ಮುಗಿಯಿತು. ಒಬ್ಬ ಹುಡುಗಿ ಎರಡು ನಲ್ಲಿಗಳ ಮುಂದೆ ಎರಡು ಸಾಲು ನಿಲ್ಲುವ ಬದಲು ಒಂದೇ ಸಾಲು ನಿಂತು, ಖಾಲಿಯಾದ ನಲ್ಲಿಗೆ ಹೋಗುವ ಉದಾಹರಣೆ ಕೊಟ್ಟಳು. ಅದು ನನ್ನ ಯೋಜನೆಯಲ್ಲಿದ್ದ ಉದಾಹರಣೆಗಿಂತ ಚೆನ್ನಾಗಿತ್ತು.

ಈ ಸೂತ್ರವನ್ನು ಬ್ರಿಟನ್ನಿನ ಅಂಚೆ ಇಲಾಖೆಯೂ ತನ್ನ ಟೆಲಿಫೋನ್ ಕೇಂದ್ರಗಳಿಗೆ ಅಳವಡಿಸಿಕೊಂಡಿತು. ಅಮೆರಿಕದ ಬೆಲ್ ಪ್ರಯೋಗಾಲಯದ ಸಂಶೋಧಕರೊಬ್ಬರು ಎರ್ಲಾಂಗ್ ಅವರ ಲೇಖನಗಳನ್ನು ಮೂಲದಲ್ಲೇ ಓದಲೆಂದು ಡ್ಯಾನಿಷ್ ಕಲಿತರಂತೆ.

ಮನುಷ್ಯ

ಎರ್ಲಾಂಗ್ ಮದುವೆಯಾಗಲಿಲ್ಲ. ಗಣಿತ, ಖಗೋಳ, ಭೌತಶಾಸ್ತ್ರದ ಪುಸ್ತಕಗಳ ದೊಡ್ಡ ಸಂಗ್ರಹ ಅವರ ಮನೆಯಲ್ಲಿತ್ತು. ರಜೆಯಲ್ಲಿ ಫ್ರಾನ್ಸ್, ಸ್ವೀಡನ್, ಜರ್ಮನಿ, ಬ್ರಿಟನ್‌ಗಳಿಗೆ ಹೋಗಿ ಚಿತ್ರಶಾಲೆ, ಗ್ರಂಥಾಲಯಗಳನ್ನು ನೋಡಿ ಬರುತ್ತಿದ್ದರು. ಕಷ್ಟದಲ್ಲಿದ್ದವರು ಪ್ರಯೋಗಾಲಯಕ್ಕೇ ಬಂದು ಅವರನ್ನು ಕಾಣುತ್ತಿದ್ದರು. ಬಂದವರ ಮುಖ ಕೆಡದಂತೆ, ಬೇರೆಯವರಿಗೆ ತಿಳಿಯದಂತೆ ಹಣ ಕೊಟ್ಟು ಕಳಿಸುತ್ತಿದ್ದರು. ಸೂತ್ರಕ್ಕೂ ಈ ಗುಣಕ್ಕೂ ಗಂಟು ಹಾಕುವ ಆಸೆ ನನಗಿತ್ತು. ಆದರೆ ಸೂತ್ರಕ್ಕೆ ದಯೆಯಿಲ್ಲ. ನೂರಕ್ಕೆ 20 ಎಂದಾಗ ಆ 20 ಜನ ಯಾರು, ಸಿಗದೆ ಹೋದದ್ದು ಒಬ್ಬರಿಗೇ ಮತ್ತೆ ಮತ್ತೆಯೋ ಎಂಬುದನ್ನು ಅದು ಕೇಳುವುದಿಲ್ಲ. ಈ ಮಾತನ್ನು ಮುಂದೆ ನೆನಪಿಡಬೇಕು.

ಸುಮಾರು 20 ವರ್ಷ ಕಂಪನಿಯಲ್ಲಿ ದುಡಿದರೂ ಕಾಯಿಲೆಯೆಂದು ಅವರು ರಜೆ ಹಾಕಿದವರಲ್ಲ. 1929ರ ಜನವರಿಯಲ್ಲಿ ಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಆಸ್ಪತ್ರೆ ಸೇರಿದರು. ಫೆಬ್ರವರಿ 3ರಂದು ತೀರಿಕೊಂಡರು. ಆಗ ಅವರಿಗೆ 51 ವರ್ಷ. 1946ರಲ್ಲಿ ಟೆಲಿಫೋನ್‌ಗಳ ಅಂತರರಾಷ್ಟ್ರೀಯ ಸಮಿತಿ ಮಾತಿನ ಹೊರೆಯ ಘಟಕಕ್ಕೆ ಎರ್ಲಾಂಗ್ ಎಂದು ಹೆಸರಿಟ್ಟಿತು. ಮೇಲೆ ನಾವು 1 ಘಟಕ ಹೊರೆ ಎಂದದ್ದು 1 ಎರ್ಲಾಂಗ್.

ತಂತಿಯಿಂದ ಗಾಳಿಗೆ

ಎರಡನೇ ಅವಧಿಯಲ್ಲಿ ರೂಟರ್ ಕಡೆಗೆ ಬಂದೆ. ಟೆಲಿಫೋನಿನಲ್ಲಿ ತಂತಿ ಹಂಚಲು ಆಪರೇಟರ್ ಇದ್ದರು. ನಿಸ್ತಂತು ಜಾಲದಲ್ಲಿ ಎಲ್ಲರಿಗೂ ಇರುವುದು ಒಂದೇ ಗಾಳಿ, ಹಂಚುವವರು ಯಾರೂ ಇಲ್ಲ. ಇಬ್ಬರು ಒಟ್ಟಿಗೆ ಮಾತಾಡಿದರೆ ಇಬ್ಬರದೂ ಕೆಡುತ್ತದೆ. ಎರ್ಲಾಂಗ್ ಸೂತ್ರದಲ್ಲಿ ತಂತಿ ಸಿಗದವನು ಸುಮ್ಮನೆ ಹೊರಟುಹೋಗುತ್ತಾನೆ. ಇಲ್ಲಿ ಅವನು ಮತ್ತೆ ಪ್ರಯತ್ನಿಸುತ್ತಾನೆ, ಆ ಪ್ರಯತ್ನವೇ ಇನ್ನೊಬ್ಬರಿಗೆ ಡಿಕ್ಕಿ ಹೊಡೆಯಬಹುದು. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಅಬ್ರಾಂಸನ್ ಅವರ ತಂಡ ಆರಂಭಿಸಿದ ಅಲೋಹಾ ಜಾಲದಲ್ಲಿ, ಬೇಕೆನಿಸಿದಾಗ ಕಳಿಸು, ಕೆಟ್ಟರೆ ಸ್ವಲ್ಪ ತಡೆದು ಮತ್ತೆ ಕಳಿಸು ಎಂಬುದೇ ನಿಯಮ. ಎರ್ಲಾಂಗ್ ಬಳಸಿದ ಅದೇ ಪಾಯ್ಸಾನ್ ಲೆಕ್ಕದಿಂದ ನೋಡಿದರೆ, ಆ ಜಾಲದ ಸಾಮರ್ಥ್ಯದಲ್ಲಿ ಹೆಚ್ಚೆಂದರೆ ನೂರಕ್ಕೆ 18ರಷ್ಟು ಮಾತ್ರ ಉಪಯೋಗಕ್ಕೆ ಬರುತ್ತದೆ.

1997ರಲ್ಲಿ ಬಂದ ವೈ-ಫೈ ಮಾನದಂಡ ಇದಕ್ಕಿಂತ ಜಾಣ. ಮೊದಲು ಕೇಳಿಸಿಕೊಳ್ಳಬೇಕು. ಗಾಳಿ ಖಾಲಿಯಾದ ಮೇಲೂ ಪ್ರತಿ ಸಾಧನ ಯಾದೃಚ್ಛಿಕವಾಗಿ ಒಂದು ಸಂಖ್ಯೆ ಆರಿಸಿಕೊಂಡು ಅಷ್ಟು ಹೊತ್ತು ಕಾಯಬೇಕು. ಸಣ್ಣ ಸಂಖ್ಯೆ ಬಂದವರು ಮೊದಲು. ಇಬ್ಬರಿಗೂ ಒಂದೇ ಸಣ್ಣ ಸಂಖ್ಯೆ ಬಂದರೆ ಡಿಕ್ಕಿ. ಆಗ ಆರಿಸುವ ವ್ಯಾಪ್ತಿಯನ್ನು ಎರಡರಷ್ಟು ಮಾಡಿಕೊಂಡು ಮತ್ತೆ ಪ್ರಯತ್ನ.

ಇದನ್ನು ದಾಳದಿಂದ ಆಡಿಸಿದೆ. ಇಬ್ಬರು ಮಕ್ಕಳು ದಾಳ ಹಾಕಿದರೆ ಡಿಕ್ಕಿಯ ಸಂಭವನೀಯತೆ 6ರಲ್ಲಿ 1. ಹತ್ತು ಮಕ್ಕಳು ಹಾಕಿದರೆ ಅದು ನೂರಕ್ಕೆ ಸುಮಾರು 63. ದಾಳದ ಬದಲು 1ರಿಂದ 30ರವರೆಗಿನ ಚೀಟಿ ಕೊಟ್ಟು, ಎತ್ತಿದ ಚೀಟಿಯನ್ನು ಪ್ರತಿ ಬಾರಿ ಮರಳಿ ಹಾಕಿಸಿದರೆ ಹತ್ತು ಮಕ್ಕಳಲ್ಲೂ ಡಿಕ್ಕಿ ನೂರಕ್ಕೆ 16ಕ್ಕೆ ಇಳಿಯುತ್ತದೆ. ಹಾಗೆಂದು ಯಾವಾಗಲೂ ಚೀಟಿಯೇ ಲೇಸಲ್ಲ. ಇಬ್ಬರೇ ಇದ್ದಾಗ ದಾಳದಲ್ಲಿ ಸರಾಸರಿ ಎರಡೂವರೆ ಎಣಿಕೆಯಲ್ಲಿ ಒಬ್ಬರ ಸರದಿ ಬರುತ್ತದೆ, ಚೀಟಿಯಲ್ಲಿ ಹತ್ತೂವರೆ ಎಣಿಕೆ ಸುಮ್ಮನೆ ಕಾಯಬೇಕು. ಜನ ಎಷ್ಟಿದ್ದಾರೆ ಎಂದು ನೋಡಿ ವ್ಯಾಪ್ತಿ ಆರಿಸಿದರೆ ಜಾಲದಲ್ಲಿ ಹೆಚ್ಚು ಮಾಹಿತಿ ಸಾಗುತ್ತದೆ. ನಿಸ್ತಂತು ಜಾಲಗಳ ಸಾಗಣೆಯನ್ನು ಹೆಚ್ಚಿಸುವ ಎಷ್ಟೋ ಸಂಶೋಧನೆಗಳ ತಿರುಳು ಇದೇ.

ಇನ್ನು ನ್ಯಾಯದ ಪ್ರಶ್ನೆ. ಹಳೆಯ ವೈ-ಫೈಯಲ್ಲಿ ರೂಟರ್ ಹತ್ತಿರದ ಸಾಧನ ಸೆಕೆಂಡಿಗೆ 11 ಮೆಗಾಬಿಟ್ ವೇಗದಲ್ಲಿ, ದೂರದ ಮೂಲೆಯದು 1 ಮೆಗಾಬಿಟ್ ವೇಗದಲ್ಲಿ ಮಾತಾಡುತ್ತದೆ ಎನ್ನಿ. ಇಬ್ಬರಿಗೂ ಸರದಿ ಸಮ, ಒಂದು ಸರದಿಗೆ 12,000 ಬಿಟ್. ಮೊದಲನೆಯದಕ್ಕೆ ಸುಮಾರು 1.1 ಮಿಲಿಸೆಕೆಂಡ್ ಸಾಕು, ಎರಡನೆಯದಕ್ಕೆ 12 ಬೇಕು. ಲೆಕ್ಕ ಹಾಕಿದರೆ ಇಬ್ಬರಿಗೂ ಸಿಗುವುದು ಸೆಕೆಂಡಿಗೆ ಸುಮಾರು 0.92 ಮೆಗಾಬಿಟ್. ವೇಗದವನೂ ನಿಧಾನಿಯಾಗಿಬಿಟ್ಟ. 2003ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನ ಸಂಶೋಧಕರು ಈ ವೈಪರೀತ್ಯವನ್ನು ವಿವರಿಸಿದರು. ಸರದಿಯ ಬದಲು ಸಮಯವನ್ನು ಸಮನಾಗಿ ಹಂಚಿದರೆ ಒಬ್ಬನಿಗೆ 5.5, ಇನ್ನೊಬ್ಬನಿಗೆ 0.5. ಒಟ್ಟು ಸಾಗಣೆ ಸುಮಾರು 1.83ರಿಂದ 6ಕ್ಕೆ ಏರುತ್ತದೆ, ಆದರೆ ನಿಧಾನಿಯ ಪಾಲು ಅರ್ಧದ ಹತ್ತಿರ ಇಳಿಯುತ್ತದೆ. ಯಾವುದು ನ್ಯಾಯ?

ಇದಕ್ಕೆ ಒಂದು ಅಳತೆಗೋಲಿದೆ. 1984ರಲ್ಲಿ ರಾಜ್ ಜೈನ್ ಮತ್ತು ಸಂಗಡಿಗರು ಕೊಟ್ಟ ಸೂಚ್ಯಂಕ. ಎಲ್ಲರ ಪಾಲನ್ನು ಕೂಡಿಸಿ ವರ್ಗ ಮಾಡಿ, ಅದನ್ನು ಪಾಲುಗಳ ವರ್ಗಗಳ ಮೊತ್ತ ಮತ್ತು ಜನರ ಸಂಖ್ಯೆಯ ಗುಣಲಬ್ಧದಿಂದ ಭಾಗಿಸಬೇಕು. ಎಲ್ಲರಿಗೂ ಸಮ ಇದ್ದರೆ 1. ಸಿಕ್ಕ ಮಾಹಿತಿಯನ್ನು ಅಳೆದರೆ ಎರಡನೆಯ ಹಂಚಿಕೆಗೆ 0.59 ಮಾತ್ರ. ಸಿಕ್ಕ ಸಮಯವನ್ನು ಅಳೆದರೆ ಅದಕ್ಕೇ 1. ಏನನ್ನು ಎಣಿಸುತ್ತೇವೆ ಎಂಬುದರ ಮೇಲೆ ನ್ಯಾಯ ಬದಲಾಗುತ್ತದೆ ಎಂಬುದನ್ನು ಮಕ್ಕಳು ತಮ್ಮ ಕೈಯಾರೆ ಲೆಕ್ಕ ಹಾಕಿ ಕಂಡರು.

ನನ್ನ ತರಗತಿಯ ಲೆಕ್ಕ

ಈಗ ನನ್ನ ತಪ್ಪು. ಈ ಪಾಠಗಳಿಗೆ ಒಂದು ವಾರ ಮೊದಲು, ಇದೇ ತರಗತಿಯಲ್ಲಿ ಸರದಿಯಂತೆ ಒಬ್ಬೊಬ್ಬರು ಒಂದೊಂದು ಪದಸಮಸ್ಯೆಯನ್ನು ಗಟ್ಟಿಯಾಗಿ ಓದಿ ಬಿಡಿಸುವ ಚಟುವಟಿಕೆ ಇಟ್ಟಿದ್ದೆ. ಒಬ್ಬ ಹುಡುಗಿ ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದಳು. ಅವಳ ಸರದಿಗೆ ಏಳು ನಿಮಿಷ ಹಿಡಿಯಿತು, ಪಾಠ ಮುಗಿಯಲಿಲ್ಲ. ಮರುದಿನ ನಾನು ಅವಳ ಬೆಂಚನ್ನು ದಾಟಿಕೊಂಡು ಮುಂದಿನವನನ್ನು ಎಬ್ಬಿಸಿದೆ. ಅದರ ಮರುದಿನವೂ ಹಾಗೇ. ಪಾಠ ಹೊತ್ತಿಗೆ ಸರಿಯಾಗಿ ಮುಗಿಯಿತು. ವೀಕ್ಷಣಾ ಪುಸ್ತಕದಲ್ಲಿ ಸಮಯ ಪಾಲನೆಗೆ ಒಳ್ಳೆಯ ಅಂಕವೂ ಬಂತು. ಅದರ ಕೆಳಗೆ ಮಾರ್ಗದರ್ಶಕ ಶಿಕ್ಷಕಿ, ಆ ಮಗುವಿನ ಸರದಿ ಎರಡು ದಿನದಿಂದ ಏಕೆ ಬಂದಿಲ್ಲ ಎಂದು ಸಣ್ಣಕ್ಷರದಲ್ಲಿ ಕೇಳಿದ್ದರು. ನಾನು ಅದಕ್ಕೆ ಉತ್ತರ ಬರೆಯದೆ ಸಹಿ ಹಾಕಿಸಿಕೊಂಡಿದ್ದೆ.

ಕಪ್ಪು ಹಲಗೆಯ ಮೇಲೆ 0.92, 5.5, 0.5 ಎಂದು ಬರೆಯುವಾಗ ಆ ಸಾಲು ನೆನಪಾಯಿತು. ಸಮ ಸರದಿ ಕೊಟ್ಟರೆ ಇಡೀ ತರಗತಿ ನಿಧಾನ. ಸಮ ಸಮಯ ಕೊಟ್ಟರೆ ಅವಳ ಓದು ಅರ್ಧಕ್ಕೇ ನಿಲ್ಲುತ್ತದೆ. ನಾನು ಮಾಡಿದ್ದು ಇವೆರಡೂ ಅಲ್ಲ, ಅವಳಿಗೆ ಸೊನ್ನೆ ಕೊಟ್ಟಿದ್ದೆ. ತರಗತಿಯ ಸರಾಸರಿಯಲ್ಲಿ ಅದು ಕಾಣಿಸಲೇ ಇಲ್ಲ.

ದೂರದ ಮೂಲೆಯ ಸಾಧನಕ್ಕೆ ಏನು ಮಾಡಬಹುದು ಎಂದು ಮಕ್ಕಳನ್ನೇ ಕೇಳಿದೆ. ರೂಟರನ್ನು ಅದರ ಹತ್ತಿರ ಇಡಬೇಕು ಎಂದು ನಾಲ್ಕೈದು ಜನ ಒಟ್ಟಿಗೆ ಹೇಳಿದರು. ಆಗ ಅದರ ವೇಗವೇ ಹೆಚ್ಚುತ್ತದೆ, ಇಬ್ಬರಿಗೂ ಲಾಭ. ಮರುದಿನದಿಂದ ಬೆಳಗ್ಗೆ ಪ್ರಾರ್ಥನೆಗೆ ಮುಂಚೆ ಹತ್ತು ನಿಮಿಷ ಆ ಹುಡುಗಿಯ ಪಕ್ಕ ಕುಳಿತು ಅಂದಿನ ಪದಸಮಸ್ಯೆಯನ್ನು ಒಮ್ಮೆ ಓದಿಸಿದೆ. ನನ್ನ ಬೋಧನಾಭ್ಯಾಸದಲ್ಲಿ ಉಳಿದದ್ದು ಒಂಬತ್ತು ದಿನ. ಕೊನೆಯ ದಿನ ಅವಳ ಸರದಿಗೆ ನಾಲ್ಕು ನಿಮಿಷ ಬೇಕಾಯಿತು. ಇದನ್ನು ದೊಡ್ಡ ಗೆಲುವೆಂದು ಹೇಳುವುದಿಲ್ಲ. ಆದರೆ ಅವಳು ಆ ದಿನ ಲೆಕ್ಕ ಪೂರ್ತಿ ಓದಿದಳು, ಉತ್ತರವನ್ನೂ ಹೇಳಿದಳು.

ಈ ಪಾಠವನ್ನು ಮಾಡಬಯಸುವ ಸಹ ಪ್ರಶಿಕ್ಷಣಾರ್ಥಿಗಳಿಗೆ ಎರಡು ಮಾತು. ಎರ್ಲಾಂಗ್ ಸೂತ್ರದ ಲೆಕ್ಕಕ್ಕೆ ಭಿನ್ನರಾಶಿಗಳ ಸಂಕಲನ ಬರುವ ಮಕ್ಕಳು ಬೇಕು, ಪೂರ್ವಜ್ಞಾನ ಪರೀಕ್ಷೆಯಲ್ಲಿ ಅದನ್ನು ನೋಡಿಕೊಳ್ಳಿ. ದಾಳದ ಆಟಕ್ಕೆ ಕನಿಷ್ಠ 30 ಸುತ್ತು ಆಡಿಸಿ, ಕಡಿಮೆಯಾದರೆ ಉತ್ತರ ಲೆಕ್ಕಕ್ಕೆ ಹತ್ತಿರ ಬರುವುದಿಲ್ಲ. ಆಟ ನಡೆಯುವಾಗ ಒಬ್ಬ ವಿದ್ಯಾರ್ಥಿಯನ್ನು ಬೇರೆ ಕೂರಿಸಿ, ಪ್ರತಿ ಸುತ್ತಿನಲ್ಲೂ ಸರದಿ ಸಿಗದವರ ಹೆಸರಿನ ಮುಂದೆ ಗೆರೆ ಎಳೆಯಲು ಹೇಳಿ. ನನ್ನ ಹಾಜರಿ ಪುಸ್ತಕದ ಹಿಂಬದಿಯಲ್ಲಿ ಈಗ ನಾನೂ ಅಂಥದೊಂದು ಪಟ್ಟಿ ಇಟ್ಟುಕೊಂಡಿದ್ದೇನೆ.